ಹೊರೆಗಲ್ಲಿಗೊಂದು ಜಾಗ

ಅವತ್ತು ನಮ್ಮ ಜಗಲಿಯ ಮೇಲೆ ಕೂತಿದ್ದವರು ನಾಲ್ಕು ಜನ. ರಸ್ತೆ ಕೆಲಸದ ಮೇಸ್ತ್ರಿ ರಂಗಪ್ಪ, ಕಾಫಿ ಹೋಟೆಲಿನ ಸಿದ್ದಪ್ಪ, ಕಂಬಕ್ಕೊರಗಿ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ಸೋದರತ್ತೆ ಪುಟ್ಟಮ್ಮ, ಮತ್ತೆ ಜವಳಿ ಅಂಗಡಿಯ ಶಿವಣ್ಣನಾದ ನಾನು. ಪಿರಿಯಾಪಟ್ಟಣದಿಂದ ನಮ್ಮೂರಿಗೆ ಬರುವ ಗಾಡಿದಾರಿಯನ್ನು ಆಗ ಅಗಲ ಮಾಡುತ್ತಿದ್ದರು. ಬಸ್ಸು ಬರುತ್ತದೆಂದು ಸುದ್ದಿ. ಊರ ಮುಂದಿನ ಹೊರೆಗಲ್ಲು ರಸ್ತೆಗೆ ಅಡ್ಡ ಬರುತ್ತದೆ, ಕಿತ್ತು ಎಲ್ಲಿ ನೆಡಲಿ ಎಂದು ಕೇಳಲು ಮೇಸ್ತ್ರಿ ಬಂದಿದ್ದ.

"ಬ್ಯಾಡ ಅಂದ್ರೆ ಬುಡಿ, ಮೋರಿಗೆ ಚಪ್ಪಡಿ ಮಾಡ್ಕತೀನಿ," ಎಂದೂ ಸೇರಿಸಿದ.

ಎರಡು ಕಲ್ಲುಕಂಬ ನೆಟ್ಟು, ತಲೆಯೆತ್ತರಕ್ಕೆ ಒಂದು ಅಡ್ಡಗಲ್ಲು ಹೇರಿದರೆ ಹೊರೆಗಲ್ಲಾಯಿತು. ಹೊರೆ ಹೊತ್ತು ಒಂಟಿಯಾಗಿ ಬರುವವರು ಯಾರನ್ನೂ ಕರೆಯದೆ ಹೊರೆಯನ್ನು ಅದರ ಮೇಲೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೊಟ್ಟು ಹೊರಡಬಹುದು. ಆದರೆ ಅಂಗಡಿಯಲ್ಲಿ ಕೂತು ತಿನ್ನುವ ನನ್ನಂಥವನಿಗೆ ಅದು ಬರೀ ಗುರುತು. ನಮ್ಮ ಕಡೆ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ, ಗುರುತೇ ಗತಿ. ಕಷ್ಟವೇನೆಂದರೆ ಒಬ್ಬೊಬ್ಬರ ಗುರುತು ಒಂದೊಂದು. ಹೆಗ್ಗಡದೇವನಕೋಟೆಯಿಂದ ಮೊದಲ ಸಲ ಬಂದ ನನ್ನ ಷಡ್ಡಕನಿಗೆ ಸಿದ್ದಪ್ಪ ದಾರಿ ಹೇಳಿದ್ದು ಹೀಗೆ: "ನಮ್ಮ ಕರಿ ಎತ್ತು ಬಿದ್ದು ಸತ್ತ ತಾವ ಬಲಕ್ಕೆ ತಿರುಗಿ ಸ್ವಾಮಿ." ಎತ್ತು ಸತ್ತು ಎಷ್ಟೋ ಕಾಲವಾಗಿತ್ತು. ಪಾಪ, ಅವನು ಸತ್ತ ಎತ್ತನ್ನು ಹುಡುಕಿಕೊಂಡು ಹೊತ್ತು ಮುಳುಗುವ ತನಕ ಅಲೆದ.

ಜಾಗಕ್ಕೆ ಹೇಗೋ ಕಾಲಕ್ಕೂ ಹಾಗೆ. ನನ್ನ ವಯಸ್ಸೆಷ್ಟೆಂದು ಯಾರಾದರೂ ಕೇಳಿದರೆ ಅತ್ತೆ, "ಹುಲಿ ನಮ್ಮ ಕೆಂದಗರ ಹೊತ್ಕಂಡು ಹೋದ ವರ್ಷ ಹುಟ್ಟಿದ್ದು," ಎನ್ನುತ್ತಿದ್ದಳು. ಕೇಳಿದವರು ಕೂಡಲೇ, "ಅಯ್ಯೋ, ಎಂಥಾ ಕರ!" ಎಂದು ಮರುಗುತ್ತಿದ್ದರು. ಹುಟ್ಟಿದವನು ಎದುರಿಗೇ ನಿಂತಿದ್ದಾನೆಂಬ ಗಮನ ಯಾರಿಗೂ ಇರುತ್ತಿರಲಿಲ್ಲ.

ಮೇಸ್ತ್ರಿಯ ಮಾತು ಮುಗಿಯುವ ಮುಂಚೆಯೇ ಸಿದ್ದಪ್ಪ, "ನಮ್ಮ ಹೋಟ್ಲು ಮುಂದಕ್ಕೆ ಹಾಕ್ಸು ಕಣಪ್ಪಾ, ಬಸ್ಸು ನಿಲ್ಲಕ್ಕೂ ಒಂದು ಗುರುತಾಯ್ತದೆ," ಎಂದ.

ನನಗೆ ತಡೆಯಲಾಗಲಿಲ್ಲ. "ಕಾಫಿ ಕುಡಿಯೋರು ವಾಸನೆ ಹಿಡ್ಕಂಡು ಬತ್ತಾರೆ. ಬಟ್ಟೆಗೆ ವಾಸನೆ ಎಲ್ಲದೆ? ನಮ್ಮ ಅಂಗಡಿ ಮುಂದೆ ಇರಲಿ," ಎಂದೆ.

"ನಿನ್ನ ಬಟ್ಟೆ ಹೊಳೇಲಿ ಒಂದು ಸಲ ಅದ್ದುದ್ರೆ ಗುರುತೇ ಸಿಕ್ಕಲ್ಲ, ಅದಕ್ಕೊಂದು ಗುರುತುಗಲ್ಲು ಬೇರೆ ಕೇಡು!"

ಮೇಸ್ತ್ರಿ ಇಬ್ಬರ ಮುಖವನ್ನೂ ನೋಡುತ್ತ, ಯಾರು ಮೊದಲು ಕಾಫಿ ಕೊಡಿಸುತ್ತಾರೋ ಎಂದು ಕಾಯುತ್ತಿದ್ದ. ಆಗ ಅತ್ತೆ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅದು ನಮ್ಮ ರಾಜಿ ಕಲ್ಲು ಕಣ್ರಪ್ಪಾ," ಎಂದಳು.

ಹೊರೆಗಲ್ಲನ್ನು ಯಾತಕ್ಕೆ ನೆಡಿಸುತ್ತಾರೆಂದು ನಮಗೆಲ್ಲ ಗೊತ್ತು. ಬಸುರಿ ಹೆಂಗಸು ಹೆರದೆ ತೀರಿಕೊಂಡರೆ ಅವಳ ಹೆಸರಲ್ಲಿ ನೆಡಿಸುವುದು ಪದ್ಧತಿ. ಅತ್ತೆಗೆ ರಾಜಿಯೆಂಬ ಮಗಳೊಬ್ಬಳಿದ್ದಳು, ಚೊಚ್ಚಲ ಹೆರಿಗೆಗೆಂದು ಬಂದವಳು ಉಳಿಯಲಿಲ್ಲ ಎಂಬುದನ್ನೂ ಕೇಳಿದ್ದೆ. ಎರಡನ್ನೂ ಒಂದು ಮಾಡಿ ನೋಡಿರಲಿಲ್ಲ. ದಿನಾ ಆ ಕಲ್ಲಿನ ಪಕ್ಕದಲ್ಲೇ ಓಡಾಡಿದವನು ನಾನು.

"ಅವ್ಳಿಗಂತೂ ಇಳಿಸ್ಕಳಕ್ಕೆ ಆಗ್ನಿಲ್ಲ. ಬ್ಯಾರೆಯೋರಾದ್ರೂ ಇಳಿಸ್ಕಳ್ಳಿ ಅಂತ ಹಾಕ್ಸಿದ್ದು," ಎಂದಳು ಅತ್ತೆ. "ಹೋಟ್ಲಿಗೂ ಬ್ಯಾಡ, ಅಂಗ್ಡಿಗೂ ಬ್ಯಾಡ. ಹೊತ್ತೋರ ಕತ್ತು ಎಲ್ಲಿ ಸಾಕು ಅಂತದೋ ಅಲ್ಲಿ ನೆಡಿ. ನಾಳೆ ನಾನೇ ತೋರಿಸ್ತೀನಿ."

ಮಾರನೆಯ ಬೆಳಿಗ್ಗೆ ಅತ್ತೆ ತಲೆಗೆ ಸಿಂಬೆ ಇಟ್ಟು, ಅದರ ಮೇಲೆ ರಾಗಿ ಮೂಟೆ ಹೊರಿಸಿಕೊಂಡು, ಸೌದೆಯವರು ಬರುವ ದಾರಿಯಲ್ಲಿ ಕೆರೆ ಏರಿಯಿಂದ ಊರ ಕಡೆಗೆ ಹೊರಟಳು. ಅರವತ್ತು ದಾಟಿದ ಜೀವ ಒಂಟಿಯಾಗಿ ಹೊರುವುದೇ ಎಂದು, ಮಾನ ಉಳಿಸಿಕೊಳ್ಳಲು ನಾನೂ ಒಂದು ಮೂಟೆ ಹೊತ್ತೆ. ಏರಿ ಇಳಿಯುವುದರೊಳಗೆ ನನ್ನ ಕತ್ತು ಭುಜದೊಳಕ್ಕೆ ಸೇರಿಕೊಂಡಿತು. ಮೂಟೆಯನ್ನು, ಮೇಸ್ತ್ರಿಯ ಜೊತೆ ಹಿಂದೆ ಬರುತ್ತಿದ್ದ ಸಿದ್ದಪ್ಪನ ಕೈಗೆ ದಾಟಿಸಿದೆ.

"ಶಿವಣ್ಣನ ಕತ್ತ ನಂಬ್ಕಂಡ್ರೆ ಕಲ್ಲ ಕೆರೆ ಒಳಗೇ ನೆಡಬೇಕಾಯ್ತದೆ," ಎಂದು ಅವನು ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ನಗಲು ಹೋಗಿ, ಅತ್ತೆಯ ಬೆನ್ನು ನೋಡಿ, ಪಿಕಾಸಿಯನ್ನು ಹೆಗಲಿಗೇರಿಸಿ ಹಿಂದೆಯೇ ನಡೆದ.

ಅತ್ತೆ ದಿಬ್ಬ ಹತ್ತಿದಳು. ನೆರಳಿರುವ ಹೊಂಗೆಮರ ಬಂತು, ನಿಲ್ಲಲಿಲ್ಲ. ನಿಂತದ್ದು ಇನ್ನೂ ಮೇಲೆ, ಮರವಿಲ್ಲದ, ಮನೆಯಿಲ್ಲದ, ಯಾರೂ ಯಾವುದಕ್ಕೂ ಗುರುತು ಹೇಳಲಾರದಂಥ ಬೋಳು ಜಾಗದಲ್ಲಿ. ಮೂಟೆ ಇಳಿಸಲು ನಾನು ಓಡಿದೆ.

"ಮುಟ್ಬ್ಯಾಡ. ಮೊದ್ಲು ಗೀರು ಹಾಕ್ಸು."

ಮೇಸ್ತ್ರಿ ಪಿಕಾಸಿಯಿಂದ ಅವಳ ಪಾದದ ಮುಂದೆ ಒಂದು ಗೀರು ಎಳೆದ. ಆಮೇಲೆಯೇ ಅವಳು ಮೂಟೆಗೆ ಕೈ ಹಾಕಗೊಟ್ಟಿದ್ದು. ಆ ಸಂಜೆಯೊಳಗೆ ಕಲ್ಲು ಅಲ್ಲಿ ನಿಂತಿತು. ಯಾರೂ ಹೇಳದೆಯೇ ಮೇಸ್ತ್ರಿ ಕಂಬದ ಬುಡಕ್ಕೆ ಜಲ್ಲಿ ತುಂಬಿಸಿದ.

ಸಂತೆಯ ದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಅಲ್ಲಿಗೆ ಹೋದೆ. ಸುಮಾರು ಹೊತ್ತಿನ ಮೇಲೆ ಒಬ್ಬ ಹೆಂಗಸು ಸೌದೆ ಹೊರೆ ಹೊತ್ತು ದಿಬ್ಬ ಹತ್ತಿ ಬಂದಳು. ಹೊರೆಯನ್ನು ಕಲ್ಲಿನ ಮೇಲೆ ಜಾರಿಸಿ, ಕತ್ತು ನೀವಿಕೊಂಡಳು. ಒಳ್ಳೆಯ ಮಾತೇನಾದರೂ ಬಂದರೆ ಅತ್ತೆಗೆ ತಲುಪಿಸೋಣವೆಂದು ನಾನು ಹತ್ತಿರ ಹೋದೆ.

"ಇನ್ನೊಂದು ಮಾರು ಕೆಳಗೆ ನೆಟ್ಟಿದ್ರೆ ಇವ್ರ ಗಂಟೇನು ಹೋಗ್ತಿತ್ತೋ," ಎಂದು ಗೊಣಗಿ, ನನ್ನ ಕಡೆ ತಿರುಗಿ, "ಸುಮ್ಕೆ ನಿಂತಿದ್ದೀರಲ್ಲ ಬುದ್ಧಿ, ಕಟ್ಟು ಸಡ್ಲಾಗ್ಬುಟ್ಟದೆ, ಒಸಿ ಹಿಡ್ಕಳಿ, ನೀರು ಕುಡ್ಕಂಡು ಬತ್ತೀನಿ," ಎಂದು ಕೆರೆಗೆ ಇಳಿದಳು. ಸಂತೆಗೆ ಹೋಗುವವರೆಲ್ಲ ನೋಡುವಂತೆ, ಮಲ್ಲಿನ ಪಂಚೆ ಉಟ್ಟ ಜವಳಿ ಶಿವಣ್ಣ ಸೌದೆ ಹೊರೆ ತಬ್ಬಿಕೊಂಡು ನಿಂತಿದ್ದ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಬಯ್ಗುಳವನ್ನೂ ಬಿಡಲಿಲ್ಲ.

"ಇಳ್ಸುದ್ಲಾ?" ಎಂದಳು.

"ಇಳ್ಸುದ್ಲು."

ಅತ್ತೆ ನನ್ನ ತೋಳಿಗೆ ಅಂಟಿದ್ದ ಸೌದೆಯ ಸಿಬಿರನ್ನು ತೆಗೆದು ಅಂಗಳಕ್ಕೆಸೆದು, ರೊಟ್ಟಿ ತಟ್ಟಲು ಒಳಗೆ ಹೋದಳು.