ಹನ್ನೊಂದಕ್ಕೆ ಸರಿಯಾಗಿ ಹೋಗುವ ಸಿಗ್ನಲ್

೧. ದಾರಿ

“ಅಣ್ಣಾ, ಕೇಬಲ್ ಆಫೀಸ್ ಎಲ್ಲಿ?”

ಮಲಾಡ್ ಸ್ಟೇಷನ್ನಿನ ಹಿಂದಿನ ಗಲ್ಲಿಗಳಲ್ಲಿ ಮೂರನೇ ಸಲ ಅದೇ ಚಪ್ಪಲಿ ಅಂಗಡಿ ಎದುರಾದಾಗ, ಪಕ್ಕದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತವರನ್ನು ಕೇಳಿದೆ. ಚೀಲದಲ್ಲಿ ಇಂಟರ್ನೆಟ್ ಹಿಡಿಯದ ಮೋಡೆಮ್ ಇತ್ತು. ಇಸ್ತಾಂಬುಲ್‌ನಲ್ಲೂ ಹನೋಯ್‌ನಲ್ಲೂ ಭಾಷೆ ಬಾರದೆಯೇ ದಾರಿ ಕಂಡುಕೊಂಡವಳು ನಾನು. ಮನೆಗೆ ಇಂಟರ್ನೆಟ್ ಬರುವ ದಾರಿ ಮಾತ್ರ ಇನ್ನೂ ಸಿಕ್ಕಿಲ್ಲ. ವಾರಕ್ಕೊಂದು ಇಂಥ ಫಜೀತಿ ಇದ್ದೇ ಇರುತ್ತದೆ.

ಈ ಸಲ ಮಾತ್ರ ನಗುವ ಹಾಗಿರಲಿಲ್ಲ. ಶುಕ್ರವಾರ ಹನ್ನೊಂದಕ್ಕೆ ಪ್ರವಾಸ ಕಂಪನಿಯೊಂದರ ವಿಡಿಯೊ ಸಂದರ್ಶನ. ಕೆಲಸ ಸಿಕ್ಕರೆ ಆರು ತಿಂಗಳು ತಿರುಗಾಟ, ಮೇಲೆ ಸಂಬಳ. ನಡುವೆ ಸಿಗ್ನಲ್ ಕಡಿದರೆ ಆರು ತಿಂಗಳು ಮಲಾಡ್. ನಮ್ಮ ಬಿಲ್ಡಿಂಗ್‌ನೊಳಗೆ ಮೊಬೈಲಿನಲ್ಲಿ ಮಾತು ಕೇಳಿಸುವುದೇ ಹೆಚ್ಚು, ಮುಖ ಕಾಣಿಸುವುದು ದೂರದ ಮಾತು.

“ಆಫೀಸು ಅಂತ ಎಂಥದ್ದೂ ಇಲ್ಲ,” ಎಂದರು ಗಲ್ಲಾದವರು. “ಆ ಕೊನೆಯ ಟೇಬಲಿನಲ್ಲಿ ಒಬ್ಬರು ಕೂತಿದ್ದಾರಲ್ಲ, ಅವರೇ ಆಫೀಸು. ಇಡ್ಲಿ ಮುಗಿದ ಮೇಲೆ ತೆರೆಯುತ್ತದೆ.”

೨. ಹವಾಮಾನ

ಮರುದಿನ ಆ ‘ಆಫೀಸು’ ಕಳಿಸಿದ ಮೆಕ್ಯಾನಿಕ್ ಬಂದ. ವಿಜಯಪುರದ ಕಡೆಯವನು. ವೈರಿನ ತುದಿಗೆ ಮೀಟರ್ ಸಿಕ್ಕಿಸಿ ನೋಡಿದ.

“ಮೋಡೆಮ್ಮಿಗೆ ಏನೂ ಆಗಿಲ್ರಿ ಅಕ್ಕಾರ. ಸಿಗ್ನಲ್ಲೇ ಸೋತು ಬರಾಕತ್ತೈತಿ.”

ಕಿಟಕಿಯಿಂದ ತಲೆ ಹೊರಹಾಕಿದರೆ, ಎರಡು ಬಿಲ್ಡಿಂಗ್‌ಗಳ ನಡುವೆ ಎಳೆದ ಕೇಬಲ್ಲಿನ ಮೇಲೆ ಪಕ್ಕದ ಮನೆಯವರ ಎರಡು ಒದ್ದೆ ಜೀನ್ಸ್, ಒಂದು ಬೆಡ್‌ಶೀಟ್. ಭಾರಕ್ಕೆ ವೈರಿನ ಜೋಡಣೆ ಜಗ್ಗಿತ್ತು.

“ತೆಗೆಸಪ್ಪಾ!”

“ಅವ್ರು ಬಾಗಿಲಾ ಹಾಕ್ಕೊಂಡು ವಿಕ್ರೋಳಿಗೆ ಕೆಲಸಕ್ಕ ಹೋಗ್ಯಾರ್ರಿ. ಅರಿವಿ ಒಣಗಲಿ ಬಿಡ್ರಿ, ಸಿಗ್ನಲ್ ತಾನ ಬರ್ತೈತಿ.”

೩. ಗಸಿ

ಬಟ್ಟೆ ಒಣಗಿತು, ಸಿಗ್ನಲ್ ಬಂತು. ಆದರೆ ದಿನಾ ಹನ್ನೊಂದಕ್ಕೆ ಸರಿಯಾಗಿ ಹೋಗಿ ಇಪ್ಪತ್ತು ನಿಮಿಷಕ್ಕೆ ಮರಳುತ್ತಿತ್ತು. ಗುರುವಾರ ಸಿಗ್ನಲ್ ಹೋದದ್ದೇ ಮೆಕ್ಯಾನಿಕ್ ಮುಂದೆ, ನಾನು ಹಿಂದೆ, ವೈರು ಹಿಡಿದು ನಾಲ್ಕನೇ ಮಹಡಿಗೆ ಹತ್ತಿದೆವು. ಅಲ್ಲೊಬ್ಬರು ಮಂಗಳೂರಿನ ಆಂಟಿ. ಅವರ ಬಾಗಿಲ ಪಕ್ಕದಲ್ಲೇ ಇಡೀ ಬಿಲ್ಡಿಂಗ್‌ಗೆ ಸಿಗ್ನಲ್ ಹೆಚ್ಚಿಸಿ ಕೊಡುವ ಡಬ್ಬಿ. ಅದಕ್ಕೆ ಕರೆಂಟು ಆಂಟಿಯ ಮನೆಯಿಂದ, ಬದಲಿಗೆ ಆಂಟಿಗೆ ಟಿವಿ ಪುಕ್ಕಟೆ. ಕೇಬಲಿನವರ ವ್ಯವಹಾರವೇ ಹಾಗೆ.

ಒಳಗೆ ಹೋಗಿ ನೋಡಿದರೆ ಡಬ್ಬಿಯ ಪಿನ್ನು ನೆಲದಲ್ಲಿ ಬಿದ್ದಿದೆ, ಅದರ ಜಾಗದಲ್ಲಿ ಮಿಕ್ಸಿ ಗುಡುಗುತ್ತಿದೆ.

“ಆಂಟೀ, ಅದು ಇಡೀ ಬಿಲ್ಡಿಂಗ್‌ನ ಇಂಟರ್ನೆಟ್ಟು!”

“ಇದು ಊಟಕ್ಕೆ ಬಂಗುಡೆ ಮೀನಿನ ಗಸಿ,” ಎಂದರು. “ಇರುವುದೊಂದು ಪ್ಲಗ್. ಎಕ್ಸ್‌ಟೆನ್ಷನ್ ಎಳೆದು ಎರಡೂ ಒಟ್ಟಿಗೆ ಹಾಕಿದರೆ ಫ್ಯೂಸ್ ಹಾರುತ್ತದೆ. ಮತ್ತೆ ನಿನ್ನ ಇಂಟರ್ನೆಟ್ಟನ್ನೇ ಕಲಸಿ ಉಣ್ಣುವುದಾ ಮಾರಾಯ್ತಿ?”

“ನಾಳೆ ಒಂದು ದಿನ ಬೇಗ ಅರೆದಿಡಿ.”

“ರುಚಿ ಹೋಗುತ್ತದೆ. ನಾಳೆ ಎಂಟು ಜನ ನೆಂಟರು ಬೇರೆ. ಮಿಕ್ಸಿ ಹಾಕುವುದಿಲ್ಲ, ಸರಿ. ಮಸಾಲೆ ಯಾರು ಅರೆಯುವುದು?”

“ನಾನೇ.”

ಆಂಟಿ ಸಿಂಕಿನ ಕೆಳಗೆ ಕೈ ತೋರಿಸಿದರು. ಅಲ್ಲಿ ಅವರ ಅತ್ತೆಯ ಕಾಲದ ಕಡೆಯುವ ಕಲ್ಲು ಕೂತಿತ್ತು.

ಶುಕ್ರವಾರ ನಲವತ್ತು ನಿಮಿಷ ಮೋಡೆಮ್ಮಿನ ದೀಪ ಒಮ್ಮೆಯೂ ಕಣ್ಣು ಮಿಟುಕಿಸಲಿಲ್ಲ. ಸಂದರ್ಶನ ಮುಗಿಯಿತಲ್ಲ, ಇನ್ನು ಮಿಕ್ಸಿ ಹಾಕಬಹುದು ಎಂದರೆ ಆಂಟಿ “ಮಾತು ಎಂದರೆ ಮಾತು” ಎಂದರು; ಅದೇ ರೇಷ್ಮೆ ಕುರ್ತಾದಲ್ಲಿ ನಾಲ್ಕನೇ ಮಹಡಿಯ ನೆಲದಲ್ಲಿ ಕೂತು ಕಲ್ಲು ತಿರುವತೊಡಗಿದೆ. ಆಂಟಿ ಚಿಟಿಕೆ ಮುಟ್ಟಿ ನೋಡಿದರು. “ಇದು ಮಸಾಲೆಯಾ, ಜಲ್ಲಿಯಾ?”

ಅಷ್ಟರಲ್ಲಿ ಫೋನು. ನನ್ನ ಎರಡೂ ಕೈ ಖಾರ. ಆಂಟಿಯೇ ಎತ್ತಿ ಸ್ಪೀಕರಿಗೆ ಹಾಕಿದರು. ಕಂಪನಿಯವರು. “ಮೇಡಂ, ನೀವು ಆಯ್ಕೆಯಾಗಿದ್ದೀರಿ! ಯಾವಾಗ ಹೊರಡಬಹುದು?”

ನಾನು ಬಾಯಿ ತೆರೆಯುವ ಮೊದಲೇ ಆಂಟಿ ಫೋನಿಗೆ ಬಾಗಿದರು. “ಮಸಾಲೆ ನುಣ್ಣಗಾಗದೆ ಇವಳನ್ನು ಎಲ್ಲಿಗೂ ಬಿಡುವುದಿಲ್ಲ.”

ಹತ್ತು ನಿಮಿಷ ತಲೆ ಎತ್ತದೆ ತಿರುವಿದೆ. ಆಂಟಿ ಇನ್ನೊಮ್ಮೆ ಬೆರಳಲ್ಲಿ ತಿಕ್ಕಿ ನೋಡಿ, ತಲೆಯಾಡಿಸಿ, ಫೋನೆತ್ತಿ ಹೇಳಿದರು, “ಹ್ಞಾಂ, ಈಗ ಕಳಿಸಬಹುದು.”

ಕಂಪನಿಯವರು ಇನ್ನೂ ಲೈನಿನಲ್ಲೇ ಇದ್ದರು.