ಎಲ್ಲವೂ ಮೊದಲ ಪೀರಿಯಡ್

ಗಣಿತದಲ್ಲಿ ಮಕ್ಕಳು ನಪಾಸಾಗುವುದಕ್ಕೆ ಮಕ್ಕಳಾಗಲಿ ಮೇಷ್ಟ್ರಾಗಲಿ ಕಾರಣರಲ್ಲ, ವೇಳಾಪಟ್ಟಿಯೇ ಕಾರಣ ಎಂಬುದನ್ನು ನಮ್ಮ ಪ್ರೌಢಶಾಲೆಯ ಆಡಳಿತ ಮಂಡಳಿ ಸರ್ವಾನುಮತದಿಂದ ಕಂಡುಹಿಡಿದಿದೆ.

ಹತ್ತನೇ ತರಗತಿಯ ‘ಎ’ ವಿಭಾಗಕ್ಕೆ ಗಣಿತ ಬೆಳಗಿನ ಮೊದಲ ಪೀರಿಯಡ್. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎಲ್ಲರೂ ಪಾಸು. ‘ಬಿ’ ವಿಭಾಗಕ್ಕೆ ಅದೇ ಮೇಷ್ಟ್ರು, ಅದೇ ಪುಸ್ತಕ, ಆದರೆ ಕೊನೆಯ ಪೀರಿಯಡ್, ಎಲ್ಲರೂ ಡುಮ್ಕಿ. ‘ಬಿ’ ವಿಭಾಗದಲ್ಲಿದ್ದ ದರ್ಜಿಯಮ್ಮನ ಮಗಳಿಗೆ ನರ್ಸ್ ಆಗುವ ಆಸೆ. ವಾರ್ಷಿಕ ಪರೀಕ್ಷೆಯಲ್ಲೂ ಗಣಿತ ಕೈಕೊಟ್ಟರೆ ಓದು ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪಾಪ, ಹುಡುಗಿ ಧೈರ್ಯ ಮಾಡಿ ಹೆಡ್ಮಾಸ್ತರರ ಕೋಣೆಗೆ ಹೋದಳು.

“ಸಾರ್, ಕೊನೇ ಪೀರಿಯಡ್‌ನಲ್ಲಿ ಗಣಿತದ ಮೇಷ್ಟ್ರು ನಿದ್ದೆ ಮಾಡ್ತಾರೆ.”

“ನಿದ್ದೆ ವೇಳಾಪಟ್ಟಿಯಲ್ಲಿ ಇದೆಯೇನಮ್ಮಾ?”

“ಇಲ್ಲ ಸಾರ್.”

“ಇಲ್ಲದ್ದನ್ನ ನಾನು ಹೇಗೆ ವಿಚಾರಿಸ್ಲಿ?”

ಆದರೂ ಹೆಡ್ಮಾಸ್ತರರು ಕರುಣಾಳು. ಎರಡು ವಿಭಾಗಗಳ ಪೀರಿಯಡ್ ಅದಲುಬದಲು ಮಾಡಬಹುದಿತ್ತು. ಮಂಡಳಿ ಅಧ್ಯಕ್ಷರ ಮಗ ‘ಎ’ ವಿಭಾಗದಲ್ಲಿದ್ದುದರಿಂದ ಅದು ಶೈಕ್ಷಣಿಕವಾಗಿ ಸಾಧ್ಯವಾಗಲಿಲ್ಲ. ಮಂಡಳಿ ಬಿಸ್ಕತ್ತು ಮುಗಿಯುವವರೆಗೆ ಚರ್ಚಿಸಿ ಪ್ರಕಟಣೆ ಹೊರಡಿಸಿತು:

“ನಾಳೆಯಿಂದ ಶಾಲೆಯ ಎಲ್ಲ ಪೀರಿಯಡ್‌ಗಳನ್ನೂ ಮೊದಲ ಪೀರಿಯಡ್ ಎಂದೇ ಪರಿಗಣಿಸತಕ್ಕದ್ದು. ಮಧ್ಯಾಹ್ನ ಬರುವ ಆಕಳಿಕೆಯನ್ನು ಬೆಳಗಿನದೆಂದು ಭಾವಿಸತಕ್ಕದ್ದು.”

ಜವಾನ ಪ್ರತಿ ಪೀರಿಯಡ್‌ಗೂ ಒಂದೇ ಗಂಟೆ ಬಾರಿಸತೊಡಗಿದ. ಸಂಜೆ ಮನೆಗೆ ಹೊರಟ ಮಕ್ಕಳು ಶಿಸ್ತಿನಿಂದ ‘ಗುಡ್ ಮಾರ್ನಿಂಗ್’ ಹೇಳಿದರು. ಗಣಿತದ ಮೇಷ್ಟ್ರು ಎಂದಿನಂತೆ ದಿನದ ಕೊನೆಗೆ ಬಂದು ‘ಬಿ’ ವಿಭಾಗದ ಮೇಜಿನ ಮೇಲೆ ತಲೆಯಿಟ್ಟರು.

“ಸಾರ್, ಪಾಠ...” ಎಂದಳು ಹುಡುಗಿ.

“ಬೆಳಿಗ್ಗೆ ಬೆಳಿಗ್ಗೇನೇ ಎಬ್ಬಿಸ್ಬೇಡಮ್ಮಾ” ಎಂದರು ಮೇಷ್ಟ್ರು. ಪ್ರಕಟಣೆಯ ಪ್ರಕಾರ ಅವರ ಮಾತಿನಲ್ಲಿ ತಪ್ಪಿರಲಿಲ್ಲ.

ವಾರ್ಷಿಕ ಪರೀಕ್ಷೆಯಲ್ಲಿ ‘ಬಿ’ ವಿಭಾಗ ಮತ್ತೆ ಡುಮ್ಕಿ ಹೊಡೆಯಿತು. ಕಣ್ಣೊರೆಸಿಕೊಳ್ಳುತ್ತ ಬಂದ ದರ್ಜಿಯಮ್ಮನಿಗೆ ಹೆಡ್ಮಾಸ್ತರರು ನೊಂದು ನುಡಿದರು: “ಇಡೀ ದಿನ ಮೊದಲ ಪೀರಿಯಡ್ಡೇ ಕೊಟ್ವಲ್ಲಮ್ಮಾ, ಇನ್ನೇನ್ ಮಾಡೋಕಾಗುತ್ತೆ?”

ಆಕೆಗೂ ಅದು ನ್ಯಾಯವೆನ್ನಿಸಿತು. ಮಗಳು ಹೊಲಿಗೆ ಯಂತ್ರದ ಮುಂದೆ ಕುಳಿತಳು.

ಇತ್ತ, ಬರಿಯ ಮೇಜಿನಿಂದ ಮೇಷ್ಟ್ರ ಕತ್ತು ನೋಯುತ್ತಿದೆ, ಫಲಿತಾಂಶ ಕುಸಿಯಲು ಅದೇ ಕಾರಣ ಎಂದು ಮಂಡಳಿ ಪತ್ತೆಹಚ್ಚಿ, ಬೋಧನೋಪಕರಣದ ಅನುದಾನದಲ್ಲಿ ಒಂದು ದಿಂಬು ಮಂಜೂರು ಮಾಡಿತು. ಹೊಲಿಯುವ ಕೆಲಸ ದರ್ಜಿಯಮ್ಮನ ಮನೆಗೇ ಬಂತು. ಹುಡುಗಿ ಮೇಜನ್ನು ಅಳೆದು, ಬಟ್ಟೆ ಲೆಕ್ಕ ಹಾಕಿ, ಹೊಲಿದು ತಂದುಕೊಟ್ಟಳು.

ಮೇಷ್ಟ್ರು ತಲೆಯಿಟ್ಟು ನೋಡಿ ಸಂತೋಷಪಟ್ಟರು.

“ಅಳತೆ ಎಷ್ಟು ಕರಾರುವಾಕ್ಕಾಗಿದೆ! ನನ್ನ ಶಿಷ್ಯೆ ಅಲ್ವಾ!” ಎಂದು ಕಣ್ಣು ಮುಚ್ಚಿದರು.