ಹತ್ತನೇ ಸಲ ಹರಸಿಕೊಂಡ ಕುರಿ

ನಮ್ಮ ಊರು ಕೊಚ್ಕೋರಿನಲ್ಲಿ ಮನೆಗೆ ದೊಡ್ಡ ನೆಂಟರು ಬಂದರೆ ಕುರಿ ಕೊಯ್ಯಬೇಕು. ಕೊಯ್ಯುವ ಮುಂಚೆ ಅದನ್ನು ಬಾಗಿಲ ಮುಂದೆ ತಂದು ನಿಲ್ಲಿಸಬೇಕು. ಬಂದವರಲ್ಲಿ ಹಿರಿಯರು ಎರಡೂ ಅಂಗೈ ಚಾಚಿ ಮನೆಗೆ ಒಳ್ಳೆಯದಾಗಲಿ ಎಂದು ಹರಸಿ, ಮುಖ ಸವರಿಕೊಂಡು, ಹಾಗೇ ಆಗಲಿ ಎಂಬರ್ಥದ ‘ಓಮಿನ್’ ಅನ್ನಬೇಕು. ಮನೆಗೆ ಒಳ್ಳೆಯದಾದದ್ದು ಉಂಟೋ ಇಲ್ಲವೋ, ಆ ಹಾರೈಕೆಯಿಂದ ಕುರಿಗೆ ಒಳ್ಳೆಯದಾದದ್ದನ್ನು ನಾನಂತೂ ನೋಡಿರಲಿಲ್ಲ.

ಎಸೆನ್‌ಕುಲ್‌ನ ಕುರಿಯದು ಮಾತ್ರ ಬೇರೆ ಹಣೆಬರಹ. ಅದನ್ನು ಒಂದು ವರ್ಷದಲ್ಲಿ ಒಂಬತ್ತು ಸಲ ಹರಸಿದ್ದರು. ಒಂಬತ್ತು ಸಲವೂ ಅದು ಬದುಕಿಕೊಂಡು, ಸಲದಿಂದ ಸಲಕ್ಕೆ ಇನ್ನಷ್ಟು ಕೊಬ್ಬಿತ್ತು.

ಎಸೆನ್‌ಕುಲ್ ಅಂಚೆ ಕಚೇರಿಯ ಗುಮಾಸ್ತ. ಖರ್ಚು ಉಳಿಸುವುದರಲ್ಲಿ ಎತ್ತಿದ ಕೈ. ಒಂದೇ ಚಿಟಿಕೆ ಚಹಾ ಸೊಪ್ಪಿನಲ್ಲಿ ಮೂರು ಹೊತ್ತಿನ ಚಹಾ ಕುದಿಸುತ್ತಿದ್ದ. ಟಿವಿ ನೋಡಬೇಕೆನಿಸಿದರೆ ಪಕ್ಕದ ಮನೆಯ ಕಿಟಕಿಯ ಕಡೆ ಕುರ್ಚಿ ತಿರುಗಿಸಿಕೊಳ್ಳುತ್ತಿದ್ದ. ಆದರೆ ಅವನ ಬುದ್ಧಿಯ ಶಿಖರವೆಂದರೆ ಈ ಕುರಿಯೇ. ನೆಂಟರು ಹರಸಿದ ಕೂಡಲೇ ಅದನ್ನು ಮನೆಯ ಹಿಂದಕ್ಕೆ ಕರೆದೊಯ್ದು, ಖಾಲಿ ಕಲ್ಲಿದ್ದಲ ಕೋಣೆಯಲ್ಲಿ ಕೂಡಿ, ಒಂದು ಚೂರು ರೊಟ್ಟಿ ಕೊಡುವುದು. ಆಮೇಲೆ ಹಿಂಗೋಡೆ ಹಾರಿ ಬಜಾರಿಗೆ ಓಡಿ ಎರಡು ಕಿಲೋ ಮಾಂಸವನ್ನೂ, ಸುಟ್ಟು ಹೆರೆದ ಒಂದು ಕುರಿತಲೆಯನ್ನೂ ತರುವುದು. ಹಿರಿಯ ನೆಂಟನ ಮುಂದೆ ತಲೆ ಇಡದಿದ್ದರೆ ನಮ್ಮಲ್ಲಿ ಅದು ಊಟವೇ ಅಲ್ಲ. ಸುಟ್ಟು ಹೆರೆದ ಮೇಲೆ ಯಾವ ಕುರಿಯದಾದರೂ ಮುಖ ಒಂದೇ ಥರ ಇರುತ್ತದೆ ಎನ್ನುವುದೇ ಎಸೆನ್‌ಕುಲ್‌ನ ಸಂಸಾರದ ಆಧಾರ.

ಆ ಕುರಿಗೆ ಮನೆಯಲ್ಲಿ ‘ಎರಡು ಟನ್’ ಎಂದು ಹೆಸರು. ಅದರ ತೂಕ ಅಷ್ಟಲ್ಲ. ಶನಿವಾರದ ದನದ ಸಂತೆಯಲ್ಲಿ ಅದನ್ನು ಮಾರಿದರೆ ಚಳಿಗಾಲಕ್ಕೆ ಎರಡು ಟನ್ ಕಲ್ಲಿದ್ದಲು ಬರುತ್ತಿತ್ತು. ಹೋದ ಚಳಿಗಾಲ ಎಸೆನ್‌ಕುಲ್ ಉಳಿತಾಯಕ್ಕೆಂದು ಬರೀ ಬೆರಣಿ ಉರಿಸಿದ್ದ. ಹೆಂಡತಿ ಬುರುಲ್ ಹೊಗೆ ಕುಡಿದು ವಸಂತದವರೆಗೆ ಕೆಮ್ಮಿದ್ದಳು. ಈ ಸಲ ಕಲ್ಲಿದ್ದಲು ಬರದಿದ್ದರೆ ತವರಿಗೆ ಹೋಗಿ ಕೂರುತ್ತೇನೆ ಎಂದು ಅವಳು ಹೇಳಿಯಾಗಿತ್ತು, ಅವಳು ಹೇಳಿದ್ದನ್ನು ಮಾಡುವವಳು. ಅಂತೂ ಈ ಶನಿವಾರವೇ ಕುರಿ ಮಾರುವುದೆಂದು ನಿರ್ಧಾರವಾಗಿತ್ತು. ಶುಕ್ರವಾರ ಬೆಳಿಗ್ಗೆ ಫೋನು ಬಂತು.

“ಏನ್ರೀ, ಬೀಗರು ನಾರಿನ್‌ನಿಂದ ಹೊರಟಾಗಿದೆಯಂತೆ,” ಅಂದಳು ಬುರುಲ್. “ನಮ್ಮ ಹುಡುಗಿ ಜಿಬೆಕ್ ಮದುವೆಗೆ ದಿನ ಗೊತ್ತು ಮಾಡೋಕೆ. ಏಳು ಜನ.”

“ಫೋನು ಮಾಡದೆ ಬರೋದಾ?”

“ಈಗ ಮಾಡಿದ್ರಲ್ಲ, ದಾರಿಯಿಂದ.”

ಎಸೆನ್‌ಕುಲ್ ಹಿತ್ತಿಲ ಕಡೆ ನೋಡಿದ. ಬುರುಲ್ ಅವನನ್ನು ನೋಡಿದಳು.

“ಬೀಗರ ಹತ್ರಾನೂ ಅದೇ ಆಟ ಆಡ್ತೀರಾ? ಗೊತ್ತಾದ್ರೆ ಮದುವೆ ಮುರಿದುಬೀಳುತ್ತೆ.”

“ಕೊಯ್ದುಬಿಡ್ತೀನಿ. ಜನವರಿಯಲ್ಲಿ ಒಲೆಗೆ ಏನು ಹಾಕ್ತೀಯಾ?”

ಬುರುಲ್ ಒಂದೆರಡು ಸಲ ಕೆಮ್ಮಿ, “ತಲೆ ಒಳ್ಳೇದು ನೋಡಿ ತನ್ನಿ,” ಅಂದಳು.

ಬೀಗ ಮೊಲ್ದೊಬಾಯ್ ಎತ್ತರದ ಬಿಳಿ ಟೋಪಿಯ ಗಂಭೀರ ಮನುಷ್ಯ, ಮೂವತ್ತು ವರ್ಷ ಸರಕಾರಿ ಪಶುವೈದ್ಯನಾಗಿದ್ದವನು. ಇದು ಎಸೆನ್‌ಕುಲ್‌ಗೆ ನೆನಪಾದದ್ದು ಬೀಗ ಬಾಗಿಲಲ್ಲಿ ನಿಂತು ಕುರಿಯ ತುಟಿ ಎತ್ತಿ ಹಲ್ಲು ನೋಡಿದಾಗ.

“ಎರಡು ಹಲ್ಲು. ಎಳೇ ಕುರಿ,” ಅಂದ ಮೊಲ್ದೊಬಾಯ್. ಆಮೇಲೆ ಅಂಗೈ ಚಾಚಿ ಮನೆಯನ್ನು, ಮಕ್ಕಳನ್ನು, ಹುಟ್ಟಲಿರುವ ಮೊಮ್ಮಕ್ಕಳನ್ನು ಹರಸಿದ. ಕುರಿ ತಲೆ ತಗ್ಗಿಸಿ ನಿಂತು ಪೂರ್ತಿ ಕೇಳಿಸಿಕೊಂಡಿತು. ಓಮಿನ್ ಅಂದ ಕೂಡಲೇ, ಯಾರೂ ಹಗ್ಗ ಎಳೆಯದೆ, ತಾನಾಗಿ ಹೊರಳಿ ಕಲ್ಲಿದ್ದಲ ಕೋಣೆಯ ಕಡೆ ನಡೆಯಿತು. ಅದಕ್ಕೆ ರೊಟ್ಟಿ ಬೇಕಿತ್ತು.

“ಎಂಥ ವಿಧೇಯ ಪ್ರಾಣಿ,” ಅಂದ ಬೀಗ.

“ನಮ್ಮ ಮನೇಲಿ ಎಲ್ಲಾರೂ ಹಾಗೇನೇ,” ಅಂದ ಎಸೆನ್‌ಕುಲ್, ಹೆಂಡತಿಯ ಕಡೆ ನೋಡದೆ.

ನೆಂಟರು ಒಳಗೆ ಚಹಾಕ್ಕೆ ಕೂತರು. ಎಸೆನ್‌ಕುಲ್ ಕುರಿಯನ್ನು ಕೂಡಿಹಾಕಿ, ಇನ್ನೇನು ಗೋಡೆ ಹಾರಬೇಕು, ಗೋಡೆಯ ಮೇಲೆ ಪಕ್ಕದ ಮನೆಯ ಶಾಂಬೆತ್‌ನ ತಲೆ ಕಂಡಿತು. ಶಾಂಬೆತ್ ಬಾಡಿಗೆ ವ್ಯಾನು ಓಡಿಸುವವನು, ಬೇರೆ ದಿನ ಈ ಹೊತ್ತಿಗೆ ಊರಲ್ಲೇ ಇರುತ್ತಿರಲಿಲ್ಲ. ಇವತ್ತು ವ್ಯಾನು ಕೆಟ್ಟಿತ್ತು. ಕೈಯಲ್ಲಿ ಚೂರಿ ಇತ್ತು.

“ಬೀಗರು ಬಂದಿದ್ದಾರೆ, ನೀನು ಕಾಗದಕ್ಕೆ ಠಸ್ಸೆ ಹೊಡೆಯೋನು, ನಿನಗೆಲ್ಲಿ ಬರುತ್ತೆ? ಬಾ, ಕೊಯ್ದುಕೊಡ್ತೀನಿ.”

“ಆಗೋಯ್ತಣ್ಣಾ.”

“ಆಗೋಯ್ತಾ? ಈಗ ತಾನೇ ಓಮಿನ್ ಕೇಳಿಸ್ತು.”

“ಒಳ್ಳೇ ಕೆಲಸ ತಡ ಮಾಡಬಾರದು ಅಂತ.”

“ರಕ್ತ ಎಲ್ಲಿ?”

“ತೊಳೆದೆ.”

“ಚರ್ಮ?”

ಎಸೆನ್‌ಕುಲ್ ಒಳಗೆ ಓಡಿದ. ಬುರುಲ್ ಅಡುಗೆಮನೆಯಲ್ಲಿ ಕೂರಲು ಹಾಸಿಕೊಳ್ಳುತ್ತಿದ್ದ ಹಳೆಯ ಕುರಿಚರ್ಮವನ್ನು ಎಳೆದು ತಂದು ಬೇಲಿಗೆ ಹಾಕಿದ. ಶಾಂಬೆತ್ ಅದನ್ನು ಮೂಸಿ ನೋಡಿದ.

“ಇದರ ಮೇಲೆ ಜಾಮಿನ ಕಲೆ ಇದೆಯಲ್ಲೋ.”

“ಕುರಿ ಎಲ್ಲೆಲ್ಲಿ ಬಾಯಿ ಹಾಕುತ್ತೋ ಯಾರಿಗೆ ಗೊತ್ತಣ್ಣಾ.”

ಅಷ್ಟರಲ್ಲಿ ಎದುರು ಮನೆಯ ಕಾಲಿಪಾ ದೊಡ್ಡ ತಪ್ಪಲೆ ಹಿಡಿದುಕೊಂಡು ಬಂದಳು. ಬೀದಿಯಲ್ಲಿ ಎಲ್ಲಿ ಕುರಿ ಬಿದ್ದರೂ ಕರುಳು ತೊಳೆಯುವ ಹಕ್ಕು ಅವಳದು. ತೊಳೆದದ್ದರಲ್ಲಿ ಅರ್ಧವೂ ಅವಳದೇ.

“ಕರುಳು ಎಲ್ಲಪ್ಪಾ?”

“ಬರ್ತಾ ಇದೆ ಅಕ್ಕಾ.”

“ಬರ್ತಾ ಇದೆ ಅಂದ್ರೆ? ನಡ್ಕೊಂಡು ಬರುತ್ತಾ?”

ಬುರುಲ್ ಕಾಲಿಪಾಳನ್ನು ಚಹಾಕ್ಕೆ ಎಳೆದುಕೊಂಡು ಹೋದಳು. ಶಾಂಬೆತ್‌ನನ್ನು ಬೀಗರ ವ್ಯಾನಿನ ಎಂಜಿನ್ ಸದ್ದು ಯಾಕೋ ಸರಿಯಿಲ್ಲ ಎಂದು ನಂಬಿಸಿ ಬೀದಿಗೆ ಕಳಿಸಲಾಯಿತು. ಎಸೆನ್‌ಕುಲ್ ಅಂಚೆ ಚೀಲ ಹೆಗಲಿಗೇರಿಸಿ ಗೋಡೆ ಹಾರಿದ.

ಬೇರೆ ನೆಂಟರಿಗೆ ಎರಡು ಕಿಲೋ ಸಾಕಿತ್ತು. ಬೀಗರಿಗೆ ಸಾಲದು. ಒಬ್ಬೊಬ್ಬರ ಹಿರಿತನಕ್ಕೆ ತಕ್ಕ ಎಲುಬು ಬೇಕು, ಬಾಲದ ಕೊಬ್ಬು ಬೇಕು, ಅದರ ಜೊತೆ ಈಲಿ ಬೇಕು, ಕಾಲಿಪಾಗೆ ಕರುಳು ಬೇಕು. ಒಂದು ಅಂಗಡಿಯಲ್ಲಿ ತೊಡೆ ಸಿಕ್ಕಿತು, ಇನ್ನೊಂದರಲ್ಲಿ ಬಾಲ, ಮೂರನೆಯದರಲ್ಲಿ ಈಲಿ ಮತ್ತು ಕರುಳು. ತಲೆ ಮಾರುವ ಹೆಂಗಸಿನ ಹತ್ತಿರ ಒಂದೇ ತಲೆ ಉಳಿದಿತ್ತು. ಅದು ಬದುಕಿದ್ದಾಗ ತುಂಬಾ ಯೋಚನೆ ಮಾಡಿದ ಕುರಿಯ ಹಾಗಿತ್ತು.

“ಸ್ವಲ್ಪ ವಯಸ್ಸಾಗಿದೆ,” ಅಂದಳು ಅವಳು. “ಬೆಂದರೆ ಗೊತ್ತಾಗಲ್ಲ.”

ಜೇಬು ಖಾಲಿ ಮಾಡಿಕೊಂಡು ಹಿಂತಿರುಗುವಾಗ, ಉಳಿತಾಯ ಅಂದರೆ ಇಷ್ಟೊಂದು ದುಬಾರಿಯೇ ಎಂದು ಎಸೆನ್‌ಕುಲ್‌ಗೆ ಮೊದಲ ಸಲ ಅನ್ನಿಸಿತು. ಆದರೂ ಎರಡು ಟನ್ ಬದುಕಿತ್ತು. ನಾಳೆ ಸಂತೆಗೆ ಹೊಡೆದುಕೊಂಡು ಹೋದರಾಯಿತು.

ಸಂಜೆಯ ಹೊತ್ತಿಗೆ ನಾಲ್ಕು ತಾಯಂದಿರ ಆ ಒಂದು ಕುರಿ ಬೆಂದು ಬಂತು. ಕೆಲಸ ಮಾಡಿದವರೆಂಬ ನೆಪದಲ್ಲಿ ಶಾಂಬೆತ್, ಕಾಲಿಪಾ ಇಬ್ಬರೂ ಬಾಗಿಲ ಹತ್ತಿರದ ಜಾಗ ಹಿಡಿದಿದ್ದರು. ತಲೆ ಮೊಲ್ದೊಬಾಯ್‌ನ ಮುಂದೆ ಹೋಯಿತು. ಅವನು ಪದ್ಧತಿಯಂತೆ ಕಿವಿ ಕೊಯ್ದು ಮಗ್ಗುಲಿನವನಿಗೆ ಕೊಟ್ಟ. ಆಮೇಲೆ ಅವನ ಹೆಬ್ಬೆರಳು ಮೂವತ್ತು ವರ್ಷದ ಅಭ್ಯಾಸದಿಂದ ಕೆಳದವಡೆಗೆ ಹೋಯಿತು. ಅಲ್ಲೇ ನಿಂತಿತು.

“ಬೀಗರೇ, ಇದಕ್ಕೆ ವಯಸ್ಸೆಷ್ಟು?”

“ಎರಡು,” ಅಂದ ಎಸೆನ್‌ಕುಲ್.

“ಹೂಂ. ಎರಡು ವರ್ಷದಲ್ಲಿ ತುಂಬಾ ಕಷ್ಟ ನೋಡಿದೆ, ಪಾಪ. ಹಲ್ಲೆಲ್ಲಾ ಸವೆದುಹೋಗಿದೆ.”

ಬುರುಲ್ ಸಾರು ಬಡಿಸುತ್ತಿದ್ದವಳು ಬಟ್ಟಲಿನ ಹೊರಗೆ ಸುರಿದಳು. ಪರದೆಯ ಹಿಂದೆ ನಿಂತಿದ್ದ ಮಗಳು ಜಿಬೆಕ್ ಕಣ್ಣು ಮುಚ್ಚಿಕೊಂಡಳು. ಆದರೆ ಬೀಗ ದವಡೆ ಮುಚ್ಚಿದ, ಊಟ ಮಾಡಿದ, ಅಕ್ಟೋಬರ್ ಹದಿನೈದಕ್ಕೆ ಮದುವೆ ಅಂದ. ಎಸೆನ್‌ಕುಲ್‌ಗೆ ಹೋದ ಜೀವ ಬಂದಂತಾಯಿತು. ಕೊನೆಗೆ ಎಲ್ಲರೂ ಅಂಗೈ ಚಾಚಿದರು. ಮೊಲ್ದೊಬಾಯ್ ಉಂಡ ಮನೆಯನ್ನು ಹರಸಿದ. ಹತ್ತು ಹನ್ನೆರಡು ಗಂಟಲುಗಳು ಒಟ್ಟಿಗೆ ಓಮಿನ್ ಅಂದವು.

ಹಿತ್ತಿಲಲ್ಲಿ ಧಡ್ ಎಂದು ಹಲಗೆ ಬಿದ್ದ ಸದ್ದಾಯಿತು. ಎರಡು ಟನ್ ಅಂಗಳ ದಾಟಿ ಬಂದು ಹೊಸ್ತಿಲಲ್ಲಿ ನಿಂತು, ತಲೆ ತಗ್ಗಿಸಿ, ರೊಟ್ಟಿಗೆ ಕಾಯಿತು.

ಮೊದಲು ಬಾಯಿ ಬಿಟ್ಟವನು ಶಾಂಬೆತ್. “ಎಸೆನ್‌ಕುಲ್, ನಾವು ತಿಂದದ್ದು ಯಾವುದನ್ನಪ್ಪಾ?”

“ಅದು... ಇದರ ಅವಳಿ,” ಅಂದ ಎಸೆನ್‌ಕುಲ್.

“ಅವಳಿ ಕುರಿಗೆ ಹಲ್ಲು ಸವೆದಿತ್ತು, ಇದಕ್ಕೆ ಸವೆದಿಲ್ವಾ?” ಅಂದಳು ಕಾಲಿಪಾ. ಅವಳಿಗೆ ಕರುಳಿನ ಲೆಕ್ಕ ಆಗಲೇ ಅನುಮಾನ ತಂದಿತ್ತು.

ಮಗಳ ಮದುವೆ ಹೊಸ್ತಿಲಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಎಸೆನ್‌ಕುಲ್ ಬೀಗನ ಮುಖ ನೋಡಿದ. ಮೊಲ್ದೊಬಾಯ್ ನಿಧಾನವಾಗಿ ಟೋಪಿ ಸರಿಮಾಡಿಕೊಂಡ.

“ಯಾಕೆ ಗಾಬರಿಯಾಗ್ತೀರಿ?” ಅಂದ ಅವನು. “ಇದು ನಮ್ಮ ಕುರಿ. ಬೀಗರು ಒಂದನ್ನ ಉಣ್ಣೋಕೆ ಕೊಯ್ದರು, ಒಂದನ್ನ ನಮಗೆ ಉಡುಗೊರೆ ಕೊಡ್ತಿದ್ದಾರೆ. ಅದನ್ನೇ ಬೆಳಿಗ್ಗೆ ನಾನು ಹರಸಿದ್ದು. ಅಲ್ವಾ ಬೀಗರೇ?”

ಎಸೆನ್‌ಕುಲ್‌ನ ತಲೆ ತಾನಾಗಿ ಹೌದೆಂದು ಆಡಿತು. ಅವನು ಅದನ್ನು ತಡೆಯಲು ಪ್ರಯತ್ನಿಸಿದ್ದನಂತೆ, ಆಮೇಲೆ ನನಗೆ ಹೇಳಿದ.

“ಎರಡು ಕುರಿ,” ಅಂದ ಶಾಂಬೆತ್, ಕಣ್ಣು ಒರೆಸಿಕೊಂಡು. “ನಿನ್ನನ್ನ ಜಿಪುಣ ಅಂತ ಇಡೀ ಬೀದಿಯಲ್ಲಿ ಹೇಳ್ಕೊಂಡು ಬಂದೆನಲ್ಲಪ್ಪಾ. ನನ್ನ ನಾಲಿಗೆಗೆ ಹುಳ ಬೀಳ.” ತಪ್ಪು ತಿದ್ದಿಕೊಳ್ಳಲೆಂದು ಅವನೇ ಮುಂದಾಗಿ ಎರಡು ಟನ್ ಅನ್ನು ಎತ್ತಿ ಬೀಗರ ವ್ಯಾನಿನ ಹಿಂದೆ ಹತ್ತಿಸಿದ. ಕಾಲಿಪಾ ದಾರಿಗೆ ಇರಲಿ ಎಂದು ಅದಕ್ಕೆ ರೊಟ್ಟಿ ಕೊಟ್ಟಳು.

ಎಸೆನ್‌ಕುಲ್ ಬೀಗನನ್ನು ವ್ಯಾನಿನ ಮರೆಗೆ ಕರೆದ. “ಬೀಗರೇ, ಮಾನ ಉಳಿಸಿದ್ರಿ. ಆದ್ರೆ ಕುರಿ ಮಾತ್ರ...”

ಮೊಲ್ದೊಬಾಯ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ಎಷ್ಟು ಸಲ ಆಯ್ತು ಇದಕ್ಕೆ?”

“ಇವತ್ತಿಗೆ ಹತ್ತು.”

“ಭೇಷ್. ನಮ್ಮನೇದು ನಾಲ್ಕನೇ ಸಲಕ್ಕೇ ಕೈಕೊಟ್ಟಿತು. ಓಮಿನ್ ಅಂದರೆ ಸಾಕು, ಬೇಲಿ ಹಾರಿ ಓಡುತ್ತೆ, ನೆಂಟರ ಕಣ್ಣೆದುರೇ ಅಟ್ಟಿಸಿಕೊಂಡು ಹೋಗಬೇಕು. ಇಂಥ ಪಳಗಿದ ಕುರಿಗೆ ಎಷ್ಟು ವರ್ಷದಿಂದ ಹುಡುಕ್ತಿದ್ದೆ ಗೊತ್ತಾ?” ಅವನು ಎಸೆನ್‌ಕುಲ್‌ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ದನಿ ಏರಿಸಿದ. “ಮುಂದಿನ ಶುಕ್ರವಾರ ನೀವೆಲ್ಲ ನಮ್ಮ ಮನೆಗೆ ಬರಲೇಬೇಕು. ನಿಮಗೆ ಅಂತಲೇ ಒಂದು ಒಳ್ಳೇ ಕುರಿ ಕೊಯ್ಯಿಸ್ತೀನಿ.”

ವ್ಯಾನು ನಾರಿನ್ ದಾರಿ ಹಿಡಿಯಿತು. ಬೀದಿಯ ಜನ ಎಸೆನ್‌ಕುಲ್‌ನ ಬೆನ್ನು ತಟ್ಟಿ, ಕೈ ಕುಲುಕಿ ಮನೆಗೆ ಹೋದರು. ಬುರುಲ್ ಖಾಲಿ ಕಲ್ಲಿದ್ದಲ ಕೋಣೆಯ ಬಾಗಿಲಲ್ಲಿ, ಮುರಿದ ಹಲಗೆ ಕೈಯಲ್ಲಿ ಹಿಡಿದು ನಿಂತಿದ್ದಳು. ಬೀಗ ಗುಟ್ಟಾಗಿ ಹೇಳಿದ್ದನ್ನು ಅವಳಿಗೆ ತಿಳಿಸಿ, ಬಯ್ಯುತ್ತಾಳೆಂದು ಎಸೆನ್‌ಕುಲ್ ಕಾದ.

“ಶುಕ್ರವಾರ ಹೋಗೋಣ ರೀ,” ಅಂದಳು. “ಊಟ ಏನಿರುತ್ತೆ ಅಂತ ಗೊತ್ತು. ಆದ್ರೆ ಅವರ ಮನೇಲಿ ಕಲ್ಲಿದ್ದಲಾದ್ರೂ ಇರುತ್ತೆ, ಒಂದು ದಿನ ಬೆಚ್ಚಗೆ ಕೂತು ಬರೋಣ.”